ಅಪ್ಪನ ಪಿಕಪ್ಪಿಗೆ ನಾನು ಕ್ಯಾಮೆರಾ ಕೂರಿಸಿದ್ದು

ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಕಾರ್ಖಾನೆಗಳಿಂದ ಅಳತೆಯ ಉಪಕರಣಗಳು ಬರುತ್ತವೆ. ಅವು ಸರಿಯಾಗಿ ಅಳೆಯುತ್ತವೆಯೇ ಎಂದು ನಾನು ಅಳೆಯುತ್ತೇನೆ. ಕೂದಲೆಳೆಯಷ್ಟು ತಪ್ಪಿದ್ದರೂ ವಾಪಸ್ ಕಳಿಸುತ್ತೇನೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಇದಿಷ್ಟು ಬಿಟ್ಟರೆ ನನ್ನ ಬಗ್ಗೆ ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ. ಇದನ್ನಾದರೂ ಹೇಳಿದ್ದು, ಮುಂದೆ ನಡೆದದ್ದು ಓದುಬರಹ ಇಲ್ಲದವಳ ಕೈಯಿಂದ ಆದದ್ದಲ್ಲ ಎಂಬುದು ದಾಖಲೆಯಲ್ಲಿರಲಿ ಎಂದು.

ಮನೆ ಖಾನಾಪುರದಲ್ಲಿ. ಅಪ್ಪನದೊಂದು ಪಿಕಪ್ ಗಾಡಿ ಇದೆ. ಇಲ್ಲಿನ ಕುಂಬಾರರು ಮಾಡಿದ ಹೂವಿನ ಕುಂಡಗಳನ್ನು ಬೆಳಗಾವಿಯ ನರ್ಸರಿಗಳಿಗೆ ಮುಟ್ಟಿಸುವುದು ಅಪ್ಪನ ಕೆಲಸ. ಹೋದ ಚಳಿಗಾಲದಲ್ಲಿ ಅವರ ಕುತ್ತಿಗೆ ಹಿಡಿದುಕೊಂಡಿತು. ಹಿಂದೆ ನೋಡಬೇಕೆಂದರೆ ಸೊಂಟದಿಂದ ಮೇಲಿನ ಇಡೀ ಅಪ್ಪನೇ ತಿರುಗಬೇಕು. ಹಾಗೆ ತಿರುಗಿದ ಒಂದು ಬೆಳಿಗ್ಗೆ ಗಾಡಿ ಹಿಂದಕ್ಕೆ ಹೋಗಿ, ಅಂಗಳದಲ್ಲಿದ್ದ ಬಟ್ಟೆ ಒಗೆಯುವ ಕಲ್ಲು ಎರಡು ಹೋಳಾಯಿತು.

“ಮೂವತ್ತ ವರ್ಷ ನನ್ನ ಕೈ ತಡಕೊಂಡಿತ್ತು ಆ ಕಲ್ಲು,” ಎಂದಳು ಅವ್ವ. “ನಿಮ್ಮ ಗಾಡಿ ಒಂದ ಸಲ ಮುಟ್ಟಿದ್ದು ತಡಕೊಳ್ಳಲಿಲ್ಲ. ಇವತ್ತ ಕಲ್ಲು, ನಾಳಿ ಯಾರದರೆ ಕೂಸು. ಮಾರ್ರಿ ಅದನ್ನ.”

ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಆ ಗಾಡಿ ಹೋದರೆ ಬೆಳಿಗ್ಗೆ ಎದ್ದು ಅಪ್ಪ ಏನು ಮಾಡುತ್ತಾರೆ ಎಂಬುದು ನಮ್ಮ ಮೂವರಿಗೂ ಗೊತ್ತಿರಲಿಲ್ಲ. ಆದರೆ ಕೂಸಿನ ಮಾತು ಬಂದ ಮೇಲೆ ವಾದ ಮಾಡುವುದು ಹೇಗೆ? ಜಾಂಬೋಟಿಯ ಗಾವಡೆ ಎಂಬವರಿಗೆ ಪಿಕಪ್ ಬೇಕಿತ್ತು. ಎರಡು ವಾರ ಬಿಟ್ಟು ಭಾನುವಾರ ನೋಡಲು ಬರುವುದಾಗಿ ಹೇಳಿ ಕಳಿಸಿದರು.

ಆಗ ನಾನು ಬಾಯಿ ಬಿಟ್ಟೆ. “ಹಿಂದ ಒಂದು ಕ್ಯಾಮೆರಾ, ಮುಂದ ಒಂದು ಸ್ಕ್ರೀನ್ ಹಾಕಿದ್ರ ಅಪ್ಪ ಕುತ್ತಿಗಿ ತಿರುಗಿಸೂದ ಬ್ಯಾಡ. ಅದರಾಗೇನೈತಿ, ನಾನ ಹಾಕಿ ಕೊಡ್ತೀನಿ.”

“ಮಿಸ್ತ್ರಿ ಕಡೆ ಹಾಕಿಸಿದ್ರ ಆಗೂದಿಲ್ಲೇನು?” ಎಂದಳು ಅವ್ವ.

“ಮಿಸ್ತ್ರಿ ಯಾವ ಕಾಲೇಜಿನ್ಯಾಗ ಕಲ್ತಾನ?”

ಆಡಿದ ಮಾತನ್ನು ಅಧಿಕೃತವಾಗಿ ಹಿಂಪಡೆಯಲು ಯಾವುದಾದರೂ ಕಚೇರಿ ಇದ್ದರೆ ಈ ವಾಕ್ಯಕ್ಕಾಗಿ ನಾನು ಅರ್ಜಿ ಹಾಕುತ್ತೇನೆ.

ಅವ್ವ ತೀರ್ಪು ಕೊಟ್ಟಳು. “ಹಾಕು. ಗಾವಡೆ ಬರೂದ್ರಾಗ ಕ್ಯಾಮೆರಾ ನಡೀತು, ಗಾಡಿ ಇರ್ತೈತಿ. ಇಲ್ಲಾಂದ್ರ ಅಂವ ಒಯ್ತಾನ.”

ಮರುದಿನ ಬೆಳಗಾವಿಯಲ್ಲಿ ಸಾಮಾನು ತೆಗೆದುಕೊಂಡೆ. ಕ್ಯಾಮೆರಾ, ಸ್ಕ್ರೀನ್, ಗಾಡಿ ಹಿಂದೆ ಬರುವಾಗ ಪೀಂಪೀಂ ಎನ್ನುವ ಬಜರ್. ಡ್ಯಾಶ್‌ಬೋರ್ಡ್ ಹೇಗೂ ಬಿಚ್ಚುವುದಿದೆಯಲ್ಲ ಎಂದು ಹಾಡು ಕೇಳಲು ಸ್ಪೀಕರ್. ಜಾಂಬೋಟಿ ಕಡೆಯ ಮಂಜಿಗೆ ಎರಡು ಫಾಗ್ ಲೈಟ್. ಅಂಗಡಿಯವರು ಚೀಲ ಕೊಡುತ್ತ, “ಫಿಟಿಂಗ್ ಫ್ರೀ ಐತ್ರಿ ಮೇಡಂ, ಗಾಡಿ ತೊಗೊಂಡ ಬರ್ರಿ,” ಎಂದರು.

“ಬ್ಯಾಡ್ರಿ,” ಎಂದೆ. ಆ ದಿನ ನನ್ನ ಮುಖದಲ್ಲಿ ಒಂದು ಸಣ್ಣ ನಗೆಯೂ ಇದ್ದಿರಬೇಕು.

ಸಿದ್ಧತೆಯಲ್ಲಿ ಲೋಪವಿರಲಿಲ್ಲ. ನಾಲ್ಕು ಬಣ್ಣಗಳಲ್ಲಿ ನಕ್ಷೆ ಬರೆದೆ. ಪ್ರತಿ ವೈರಿಗೂ ಸಂಖ್ಯೆಯ ಚೀಟಿ ಅಂಟಿಸಿದೆ. ಸೂಚನಾಪತ್ರವನ್ನು ಮಾತ್ರ ಎಸೆದೆ; ಅದರಲ್ಲಿ ಮೊದಲ ಸಾಲಿನಲ್ಲೇ ಎರಡು ವ್ಯಾಕರಣ ದೋಷಗಳಿದ್ದವು. ಡ್ಯಾಶ್‌ಬೋರ್ಡಿನ ಸ್ಕ್ರೂಗಳು ಕಳೆಯಬಾರದೆಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಕಪಾಟಿನಲ್ಲಿಟ್ಟೆ.

ಇಲ್ಲೊಂದು ವಿಷಯ ಹೇಳಬೇಕು. ಮದುವೆಗಳಲ್ಲಿ ಆಯೇರ ಮಾಡಲು ಲಕೋಟೆ ಸಿದ್ಧಪಡಿಸುವುದು ನಮ್ಮ ಮನೆಯಲ್ಲಿ ನನ್ನ ಜವಾಬ್ದಾರಿ. ನೋಟು ಹಾಕಿ, ಅಂಟಿಸಿ, ಅದೇ ಕಪಾಟಿನಲ್ಲಿಡುತ್ತೇನೆ. ಅವ್ವ ಒಂದನ್ನು ತೆಗೆದುಕೊಂಡು ಹೋಗಿ ಮದುಮಗಳ ಕೈಗಿಡುತ್ತಾಳೆ. ಆ ಗುರುವಾರ ಊರಲ್ಲೊಂದು ಮದುವೆಯಿತ್ತು, ಅಲ್ಲೂ ಅಷ್ಟೇ ಮಾಡಿದಳು.

ಸಂಜೆ ಮದುವೆಯ ಮನೆಯಿಂದ ಫೋನು ಬಂತು. ಆ ಕಡೆಯವರ ದನಿ ಬಹಳ ಮೃದುವಾಗಿತ್ತು. “ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಪಾಕೀಟಿನ್ಯಾಗ ನಾಕ ಸ್ಕ್ರೂ ಬಂದಾವ. ಇದು ನಿಮ್ಮ ಕಡೆ ಪದ್ಧತಿ ಏನ್ರಿ?”

ಅವ್ವ ಫೋನಿಟ್ಟು ನನ್ನನ್ನು ನೋಡಿದಳು. ಮರುದಿನ ನೋಟಿನ ಲಕೋಟೆ ಒಯ್ದು ಕೊಟ್ಟೆ. ಸ್ಕ್ರೂಗಳನ್ನು ಕೇಳುವ ಧೈರ್ಯ ಬರಲಿಲ್ಲ; ಅಷ್ಟರಲ್ಲಿ ಅವು ವಧುವಿನ ಸಾಮಾನಿನ ಜೊತೆ ಗಂಡನ ಮನೆಗೆ ಹೋಗಿದ್ದವು. ಡ್ಯಾಶ್‌ಬೋರ್ಡಿನ ಎಡಭಾಗವನ್ನು ಅವ್ವನ ಹಳೆಯ ಲಂಗದ ಲಾಡಿಯಿಂದ ಕಟ್ಟಿದೆ. ತಾತ್ಕಾಲಿಕ ವ್ಯವಸ್ಥೆ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನು ಮುಖ್ಯ ಕೆಲಸ. ರಿವರ್ಸ್ ಗೇರ್ ಹಾಕಿದಾಗ ಹಿಂದಿನ ಬಿಳಿ ದೀಪಕ್ಕೆ ಕರೆಂಟು ಬರುತ್ತದೆ. ಆ ವೈರಿನಿಂದಲೇ ಕ್ಯಾಮೆರಾಕ್ಕೂ ಬಜರಿಗೂ ಕರೆಂಟು ಕೊಡಬೇಕು. ದೀಪದ ಹಿಂದೆ ಐದು ವೈರುಗಳಿದ್ದವು. ನಾನು ಮೀಟರು ಹಿಡಿದು ಹಿಂದೆ ಕುಳಿತೆ.

“ಅಪ್ಪಾ, ರಿವರ್ಸ್ ಗೇರ್ ಹಾಕ್ರಿ.”

“ಹಾಕೇನಿ ನೋಡವ್ವಾ.”

ಮೀಟರು ಹನ್ನೆರಡು ತೋರಿಸಿತು. ಸಿಕ್ಕಿತು ಎಂದು ಆ ವೈರಿಗೆ ಚೀಟಿ ಅಂಟಿಸಿದೆ. ಆದರೆ ಗೇರಿಗೆ ಕೈ ಹಾಕುವಾಗ ಬ್ರೇಕಿನ ಮೇಲೆ ಕಾಲಿಡುವುದು ಅಪ್ಪನ ಮೂವತ್ತು ವರ್ಷಗಳ ಶಿಸ್ತು. ಜಾಗರೂಕ ಅಪ್ಪ, ಜಾಗರೂಕ ಮಗಳು. ಇಬ್ಬರೂ ಸೇರಿ ಅತ್ಯಂತ ಜಾಗರೂಕತೆಯಿಂದ ಬ್ರೇಕ್ ದೀಪದ ವೈರನ್ನು ಆಯ್ಕೆ ಮಾಡಿದ್ದೆವು.

ಕ್ಯಾಮೆರಾದ ಬಾಲದಲ್ಲಿ ಇನ್ನೊಂದು ಹಸಿರು ವೈರು ಇತ್ತು. ಬಳೆಯ ಹಾಗೆ ಬಾಗಿ, ಹೊರಟಲ್ಲಿಗೇ ವಾಪಸ್ ಬಂದು ಸೇರಿತ್ತು. ಎಲ್ಲಿಗೂ ಹೋಗದ ವೈರು. ನನ್ನ ನಕ್ಷೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಕತ್ತರಿಸಿ, ತುದಿಗಳಿಗೆ ಟೇಪು ಸುತ್ತಿ ಅಚ್ಚುಕಟ್ಟು ಮಾಡಿದೆ.

ಸೋಮವಾರ ಕುಂಡಗಳನ್ನು ಹೇರಿಕೊಂಡು ಅಪ್ಪ ಬೆಳಗಾವಿಗೆ ಹೊರಟರು. ಆ ದಿನ ನಾನು ಬಸ್ಸು ಬಿಟ್ಟು ಅವರ ಪಕ್ಕದಲ್ಲೇ ಕುಳಿತೆ. ಮೊದಲ ಹಂಪ್ ಬಂತು. ಅಪ್ಪ ಬ್ರೇಕ್ ಒತ್ತಿದರು. ಹಾಡು ನಿಂತಿತು, ಸ್ಕ್ರೀನಿನಲ್ಲಿ ಹಿಂದಿನ ರಸ್ತೆ ಕಾಣಿಸಿತು, ಬಜರ್ ಪೀಂಪೀಂ ಎಂದಿತು. ಹಿಂದಿದ್ದ ರಿಕ್ಷಾದವರು ಕುಂಡ ಹೊತ್ತ ಗಾಡಿ ತಮ್ಮ ಮೇಲೇ ಬರುತ್ತಿದೆ ಎಂದು ತಿಳಿದು ಹಿಂದೆ ಸರಿದರು. ಅವರ ಹಿಂದಿನ ಟೆಂಪೋ ಸರಿಯಿತು. ಅದರ ಹಿಂದಿನ ಬೈಕು ಸರಿಯಿತು. ಎರಡನೇ ಹಂಪಿನಲ್ಲೂ ಅದೇ ಆಯಿತು. ನಾವು ಮುಂದಕ್ಕೆ ಹೋಗುತ್ತಿದ್ದೆವು. ರಸ್ತೆ ಹಿಂದಕ್ಕೆ ಹೋಗುತ್ತಿತ್ತು.

ಕೊನೆಗೆ ಬೈಕಿನವನೊಬ್ಬ ಪಕ್ಕಕ್ಕೆ ಬಂದು ಕಿಟಕಿ ತಟ್ಟಿದ. “ಕಾಕಾ, ಹೋಗ್ತೀರೋ ಬರ್ತೀರೋ ಒಂದ ಹೇಳ್ರಿ. ನಾವೂ ಡ್ಯೂಟಿಗೆ ಹೋಗಬೇಕು.”

ನಾನು ನಕ್ಷೆಯಿಂದ ಮುಖ ಮುಚ್ಚಿಕೊಂಡೆ.

“ಇರ್ಲಿ ಬಿಡವ್ವಾ,” ಎಂದರು ಅಪ್ಪ. “ಮೊದಲನೇ ಸಲ ಯಾರಿಗೆ ಬರ್ತೈತಿ. ಆದ್ರ ಒಂದ ಮಾತು, ನಿಂತಾಗ ಕಾಣಸ್ತೈತಿ, ರಿವರ್ಸ್ ಹೋಗೂವಾಗ ಕಾಣಸೂದಿಲ್ಲ. ಅದು ಹಿಂಗ ಇರ್ತೈತೇನು?”

ಹಿಂಗ ಇರುವುದಿಲ್ಲ ಎಂದು ಒಪ್ಪಿಕೊಂಡೆ. ಆ ವಾರವೆಲ್ಲ ದುಡಿದು ಸರಿಯಾದ ವೈರು ಹುಡುಕಿ ಜೋಡಿಸಿದೆ. ಈ ಪ್ರಯತ್ನದಲ್ಲಿ ಹಾರ್ನಿನ ಮತ್ತು ಫಾಗ್ ಲೈಟಿನ ವೈರುಗಳನ್ನೂ ಸ್ವಲ್ಪ ಮುಟ್ಟಬೇಕಾಯಿತು.

ಗಾವಡೆಯವರು ಬರುವ ಭಾನುವಾರ ಬಂತು. ಅವರಿಗಿಂತ ಒಂದು ಗಂಟೆ ಮೊದಲು ಅವ್ವನ ಪರೀಕ್ಷೆ. ಹೊಸ ಒಗೆಯುವ ಕಲ್ಲು ಬಂದಿತ್ತು. ಅಪ್ಪ ಚಹಾ ಕುಡಿಯುವಾಗ ಅವ್ವ ಪಕ್ಕದ ಮನೆಯವರನ್ನು ಕರೆದು ಅದನ್ನು ಅಂಗಳದ ಬಲಕ್ಕೆ, ನಲ್ಲಿಯ ಬಾಜು, ಎತ್ತಿ ಇಡಿಸಿದಳು. “ಬಲಕ್ಕ ಇಟ್ಟೇನಿ ನೋಡ್ರಿ. ಎಡಕ್ಕ ಬೇಕಾದಷ್ಟ ಜಾಗಾ ಐತಿ,” ಎಂದು ಕೂಗಿ ಹೇಳಿದಳು.

ಅಪ್ಪ ಗೇರ್ ಹಾಕಿದರು. ಸ್ಕ್ರೀನ್ ಹೊತ್ತಿಕೊಂಡಿತು. ಚಿತ್ರ ಸ್ಪಷ್ಟವಾಗಿತ್ತು, ಕಲ್ಲಿನ ಮೇಲಿನ ಉಳಿಯ ಗುರುತು ಸಹ ಕಾಣುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಸ್ಕ್ರೀನಿನಲ್ಲಿ ಕಲ್ಲು ಎಡಕ್ಕಿತ್ತು. ಅಪ್ಪ ಅದರಿಂದ ದೂರ ಹೋಗಲೆಂದು ಗಾಡಿಯನ್ನು ಬಲಕ್ಕೆ ತಿರುಗಿಸಿದರು. ಕಲ್ಲು ಇದ್ದದ್ದೂ ಬಲಕ್ಕೆ.

ಎಲ್ಲಿಗೂ ಹೋಗದ ಆ ಹಸಿರು ವೈರು ಇದ್ದದ್ದು ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ತೋರಿಸಲಿಕ್ಕೆ. ಅದನ್ನು ಕತ್ತರಿಸಿದರೆ ಎಡ ಬಲ ಅದಲುಬದಲಾಗುತ್ತದೆ. ದೋಷಪೂರಿತ ವ್ಯಾಕರಣದ ಆ ಸೂಚನಾಪತ್ರದಲ್ಲಿ ಇದನ್ನು ಬರೆದಿದ್ದರು ಎಂದು ಆಮೇಲೆ ತಿಳಿಯಿತು.

ಕಲ್ಲು ಉಳಿಯಿತು. ನಲ್ಲಿ ಉಳಿಯಲಿಲ್ಲ. ನೀರು ಕಾರಂಜಿಯಾಗಿ ಚಿಮ್ಮಿ ಕ್ಯಾಮೆರಾವನ್ನು ತೋಯಿಸಿತು. ಕ್ಯಾಮೆರಾಕ್ಕೆ ಏನೂ ಆಗಲಿಲ್ಲ. ನೀರು ಬಿದ್ದರೂ ಕೆಡುವುದಿಲ್ಲ ಎಂದು ಅಂಗಡಿಯವರು ಹೇಳಿದ್ದರು; ಇದೊಂದನ್ನು ನಾವು ಪರೀಕ್ಷಿಸಿ ದೃಢಪಡಿಸಿದಂತಾಯಿತು.

“ಬಲಕ್ಕ ಅಂತ ಹೊಯ್ಕೊಂಡ್ನೆಲ್ರಿ!” ಎಂದಳು ಅವ್ವ, ಸೆರಗು ಹಿಂಡುತ್ತ.

“ಹೇಳಿದಿ ಖರೇ,” ಎಂದರು ಅಪ್ಪ. “ಆದ್ರ ನಿನ್ನ ಮಾತ ನಂಬೂದೋ, ಆಕಿ ಸ್ಕ್ರೀನ್ ನಂಬೂದೋ? ಆಕಿ ಎಂ.ಎಸ್ಸಿ. ಆಗ್ಯಾಳ.”

ಬೈದಿದ್ದರೆ ಸಹಿಸಬಹುದಿತ್ತು.

ಅಷ್ಟರಲ್ಲಿ ಗಾವಡೆಯವರು ಬಂದೇಬಿಟ್ಟರು. ಜೊತೆಗೆ ದಸ್ತಗೀರ ಮಿಸ್ತ್ರಿ ಎಂಬ ವಯಸ್ಸಾದ ಎಲೆಕ್ಟ್ರಿಶಿಯನ್. ಅಂಗಳದ ಕೆಸರು ದಾಟಿ ಇಬ್ಬರೂ ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಇಂಜಿನ್ ಕೇಳಿ ಮಿಸ್ತ್ರಿ ತಲೆದೂಗಿದರು. ಗಾವಡೆಯವರ ಮುಖ ಅರಳಿತು. ಅಪ್ಪ ನೀರು ತರುವ ನೆಪದಲ್ಲಿ ಒಳಗೆ ಹೋಗಿ ಬಹಳ ಹೊತ್ತು ಬರಲೇ ಇಲ್ಲ. ಹಿಂದೆಯೇ ಹೋಗಿ ನೋಡಿದೆ. ಖಾಲಿ ತಂಬಿಗೆ ಹಿಡಿದು ಗೋಡೆ ನೋಡುತ್ತ ನಿಂತಿದ್ದರು.

ನಾವು ಹೊರಗೆ ಬಂದಾಗ ಮಿಸ್ತ್ರಿ ಒಳಗೆ ಕುಳಿತು ಲಾಡಿ ಬಿಚ್ಚುತ್ತಿದ್ದರು. ಡ್ಯಾಶ್‌ಬೋರ್ಡ್ ಸರಿಸಿ ಇಣುಕಿದರು. ಕನ್ನಡಕ ಹಾಕಿಕೊಂಡು ಮತ್ತೆ ಇಣುಕಿದರು. ಫಾಗ್ ಲೈಟಿನ ಸ್ವಿಚ್ ಒತ್ತಿದರು, ಹಾಡು ಶುರುವಾಯಿತು. ಹಾರ್ನ್ ಒತ್ತಿದರು, ಸ್ಕ್ರೀನಿನಲ್ಲಿ ನಮ್ಮ ಅಂಗಳ, ಮುರಿದ ನಲ್ಲಿ, ಹಿಂದೆ ನಿಂತ ಅವ್ವ ಎಲ್ಲ ಕಾಣಿಸಿತು.

“ಇದನ್ನ ಯಾರ ಮಾಡ್ಯಾರ?” ಎಂದು ಕೇಳಿದರು.

“ನಮ್ಮ ಮಗಳು,” ಎಂದರು ಅಪ್ಪ.

ಮಿಸ್ತ್ರಿ ನನ್ನತ್ತ ನೋಡಲಿಲ್ಲ. ಸಂಭಾವಿತರು. ಡ್ಯಾಶ್‌ಬೋರ್ಡನ್ನು ಮೊದಲಿನಂತೆ ಕೂರಿಸಿ, ಲಾಡಿಯನ್ನು ಗಂಟು ಹಾಕಿ, ಕೆಳಗಿಳಿದು ಗಾವಡೆಯವರ ಹೆಗಲ ಮೇಲೆ ಕೈಯಿಟ್ಟರು.

“ಸಾಹೇಬ್ರ, ಆಕ್ಸಿಡೆಂಟ್ ಆದ ಗಾಡಿ ತೊಗೋರಿ, ನೀರಾಗ ಮುಳುಗಿದ್ದ ತೊಗೋರಿ, ನಾ ರಿಪೇರಿ ಮಾಡಿ ಕೊಡ್ತೀನಿ. ಓದಿದವರು ಕೈ ಹಾಕಿದ ಗಾಡಿ ಮಾತ್ರ ಬ್ಯಾಡ.”

“ನಕೋ ಬಾಬಾ, ನಕೋ,” ಎಂದರು ಗಾವಡೆ. ಚಹಾಕ್ಕೂ ನಿಲ್ಲಲಿಲ್ಲ.

ಮಿಸ್ತ್ರಿ ನಿಂತರು. ಅಪ್ಪನ ಕುತ್ತಿಗೆಯನ್ನು ಒಂದು ಕ್ಷಣ ನೋಡಿ, ಚೀಲದಿಂದ ಲಿಂಬೆಹಣ್ಣಿನ ಗಾತ್ರದ ಎರಡು ಉಬ್ಬು ಕನ್ನಡಿ ತೆಗೆದು, ಗಾಡಿಯ ಎರಡೂ ಬದಿಯ ಕನ್ನಡಿಗಳ ಮೂಲೆಯಲ್ಲಿ ಅಂಟಿಸಿದರು. ಅವಕ್ಕೆ ವೈರು ಇರಲಿಲ್ಲ. ಅವ್ವ ತಾನೇ ಹೋಗಿ ಗಾಡಿಯ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಅಪ್ಪ ಕುತ್ತಿಗೆ ಅಲುಗಿಸದೆ ಹಿಂದೆ ಬಂದು, ಅವಳಿಂದ ಎರಡು ಮಾರು ದೂರದಲ್ಲಿ ನಿಲ್ಲಿಸಿದರು. ಮತ್ತೊಮ್ಮೆ ಮಾಡಿಸಿದಳು. ಮತ್ತೊಮ್ಮೆ ನಿಲ್ಲಿಸಿದರು.

“ಇರ್ಲಿ ಗಾಡಿ,” ಎಂದಳು ಅವ್ವ. “ಹೆಂಗೂ ಯಾರೂ ತೊಗೊಳ್ಳೂದಿಲ್ಲ.”

ಮುಂದೆ ಎರಡು ದಿನ ಮಿಸ್ತ್ರಿ ನಮ್ಮ ಅಂಗಳದಲ್ಲಿ ಕುಳಿತು ನಾನು ಹಾಕಿದ್ದನ್ನೆಲ್ಲ ಒಂದೊಂದಾಗಿ ತೆಗೆದರು. ಚೀಟಿಗಳು ಬಹಳ ಉಪಯೋಗಕ್ಕೆ ಬಂದವು ಎಂದರು. ಯಾವುದನ್ನು ಕೀಳಬೇಕೆಂದು ತಕ್ಷಣ ಗೊತ್ತಾಗುತ್ತಿತ್ತಂತೆ.

ನಿನ್ನೆ ಸಂಜೆ ಅಪ್ಪ ನನ್ನ ಪಕ್ಕ ಬಂದು ಕುಳಿತರು. ದನಿ ತಗ್ಗಿಸಿದರು.

“ನಮ್ಮ ಸಿದ್ದಪ್ಪ ಅದಾನಲ್ಲ, ಟೆಂಪೋ ಇಟ್ಟಾಂವ. ಅವನ ಹೆಂಡ್ತೀನೂ ಗಾಡಿ ಮಾರ್ರಿ ಅಂತ ಗಂಟ ಬಿದ್ದಾಳಂತ. ಅವಗ ಮನಸಿಲ್ಲ. ಮುಂದಿನ ಐತವಾರ ಗಿರಾಕಿ ಬರಾವ್ರ ಅದಾರ. ಅಷ್ಟರಾಗ ನಿಮ್ಮ ಮಗಳು ಬಂದು ಒಂದೀಟ ಡ್ಯಾಶ್‌ಬೋರ್ಡ್ ಬಿಚ್ಚಿ ಹೋಗ್ತಾಳೇನು ಅಂತ ಕೇಳ್ಯಾನ. ಬಾಳೇನ ಬ್ಯಾಡಂತ. ಒಂದ ಸ್ಪೀಕರ್ ಹಾಕಿದ್ರ ಸಾಕಂತ.”

ಎಂ.ಎಸ್ಸಿ. ಮುಗಿಸಿದ ಮೇಲೆ, ನನ್ನ ಕೈಗುಣವನ್ನು ನಂಬಿ ಮನೆ ಹುಡುಕಿಕೊಂಡು ಬಂದ ಮೊದಲ ಕೆಲಸ ಇದು. ಶನಿವಾರ ಅರ್ಧ ದಿನ ರಜೆ ಕೇಳಿದ್ದೇನೆ.