ಹತ್ತು ತುಕ್ಕು ಸೇಬು

ಕಾಗದದ ಚೀಲದ ತಳ ಒದ್ದೆಯಾಗಿತ್ತು. ಅಷ್ಟೇ ಆಗಿದ್ದು. ಮನೆ ಮೆಟ್ಟಿಲು ಹತ್ತುವಾಗ ತಳ ಕಳಚಿ, ಕನ್ನಡಕದಂಗಡಿಯವನ ಹತ್ತು ಸೇಬೂ ಶಾಲೆ ಬಿಟ್ಟ ಮಕ್ಕಳ ಹಾಗೆ ದಡದಡ ಇಳಿದು ಕೆಳಮನೆಯ ಮೇಷ್ಟ್ರ ಬಾಗಿಲಿಗೆ ಬಡಿದವು.

ಬೇರೆ ಯಾರ ಬಾಗಿಲಿಗಾದರೂ ಬಡಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಆ ಸೇಬು ನೋಡಲು ಚೆನ್ನಾಗಿರುವುದಿಲ್ಲ. ಮೈಯೆಲ್ಲ ಹಳೇ ಕಬ್ಬಿಣದ ಬಣ್ಣ, ಮುಟ್ಟಿದರೆ ಒರಟು. ಅದಕ್ಕೇ ತುಕ್ಕು ಸೇಬು ಅನ್ನುವುದು. ಹಾಗೇ ತಿಂದರೆ ಹುಳಿಯೂ ಸಿಹಿಯೂ ಬಾಯೊಳಗೆ ಜಗಳವಾಡುತ್ತವೆ. ಆದರೆ ನಡುವಿನ ಬೀಜ ತೆಗೆದು, ಆ ಗುಳಿಗೆ ಬೆಣ್ಣೆ ಸಕ್ಕರೆ ತುಂಬಿ ಓವನ್ನಿನಲ್ಲಿಟ್ಟರೆ, ಆಕಾರ ಕೆಡದೆ ಒಳಗೆಲ್ಲ ಜೇನಾಗುತ್ತದೆ. ಕೆಂಪಗೆ ಹೊಳೆಯುವ ಸೇಬನ್ನು ಹಾಗೆ ಇಟ್ಟು ನೋಡಿ, ನೆನೆದ ಹಾಸಿಗೆಯ ಹಾಗೆ ಕುಸಿದು ಕೂರುತ್ತದೆ.

ಕನ್ನಡಕದಂಗಡಿಯವನ ಅಮ್ಮ ನೆಟ್ಟ ತುಕ್ಕು ಸೇಬಿನ ಮರ ಮನೆಯ ಹಿಂದೆ ಇತ್ತು. ಬೇರು ಗೋಡೆ ಒಡೆಯುತ್ತೆ ಅಂತ ಮೇಷ್ಟ್ರು ಹೇಳಿದರು, ಇವನು ಕಡಿಸಿದ. ಅಕ್ಕ ಬಂದು ಬೊಡ್ಡೆ ನೋಡಿದಳು. "ಅಮ್ಮನ ಮರ ಕಡಿಯೋಕೆ ಮೇಷ್ಟ್ರ ಮಾತು ಬೇಕಾಯ್ತು, ನನ್ನನ್ನ ಒಂದು ಮಾತು ಕೇಳಲಿಲ್ಲ. ಕಂಡೋರು ಹೇಳಿದ ಹಾಗೆ ಕುಣಿಯೋದು ಬಿಟ್ಟ ದಿನ ಹೇಳಿಕಳಿಸು, ಬರ್ತೀನಿ" ಅಂದು ಹೋದವಳು ನಾಲ್ಕು ವರ್ಷ ಈ ಕಡೆ ತಲೆ ಹಾಕಲಿಲ್ಲ. ಹೋದ ವಾರ ಇವನೇ ಫೋನ್ ಮಾಡಿ, "ಈಗ ಬದಲಾಗಿದೀನಿ ಅಕ್ಕ, ಬಾ" ಅಂದಿದ್ದ. ಇವತ್ತು ಐದು ಗಂಟೆಗೆ ಬರುವವಳಿದ್ದಳು. ಸೇಬಿನ ವಿಷಯ ಹೇಳಿರಲಿಲ್ಲ. ತಟ್ಟೆ ಮುಂದಿಟ್ಟಾಗ ಅವಳ ಮುಖ ನೋಡಬೇಕು ಅಂತ ಆಸೆ.

ಮೇಷ್ಟ್ರು ಒಂದು ಸೇಬನ್ನು ಎತ್ತಿ ಬೆಳಕಿಗೆ ಹಿಡಿದರು. "ಯಾರ್ರೀ ಇದನ್ನ ನಿಮ್ಮ ತಲೆಗೆ ಕಟ್ಟಿದ್ದು?"

"ಯಾರೂ ಕಟ್ಟಿಲ್ಲ ಮೇಷ್ಟ್ರೇ. ನಾನೇ ಹುಡುಕಿ ತಂದೆ. ಇದರ ಬಣ್ಣವೇ ಹೀಗೆ."

ಮೂವತ್ತೆರಡು ವರ್ಷ ಹುಡುಗರ ಸುಳ್ಳು ಕೇಳಿದ ಕಿವಿ ಅದು. ನಿಜ ಬಂದರೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. "ಮೋಸ ಹೋದೋರೆಲ್ಲ ಹೀಗೇ ಹೇಳೋದು" ಅಂದರು.

ಅಷ್ಟರಲ್ಲಿ ಎದುರುಮನೆಯ ಟೈಲರಮ್ಮ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದಳು. "ಅಯ್ಯೋ, ಇದನ್ನ ದನಾನೂ ಮೂಸಲ್ಲ. ಇವತ್ತು ಇವರಿಗೆ ಕೊಟ್ಟೋಳು ನಾಳೆ ನಮಗೆ ಕೊಡ್ತಾಳೆ. ನಡೀರಿ, ಕೇಳೇಬಿಡೋಣ."

"ಬೇಡಮ್ಮ. ನನಗೆ ಇದೇ ಇಷ್ಟ."

"ಪಾಪ, ಎಷ್ಟು ಸಂಕೋಚ ನೋಡಿ."

ಅವನಿಗೆ ಸಿಟ್ಟು ಬರುತ್ತಿರಲಿಲ್ಲ ಅಂತಲ್ಲ. ಆದರೆ ಅವನ ಸಿಟ್ಟು ಗಂಟಲಿಗೆ ಬರುವಷ್ಟರಲ್ಲಿ ಕೆಮ್ಮಾಗುತ್ತಿತ್ತು. ಕೆಮ್ಮಿದ. ಅದನ್ನೇ ಒಪ್ಪಿಗೆ ಅಂದುಕೊಂಡು ಇಬ್ಬರೂ ಸೇಬು ಆಯ್ದುಕೊಂಡು, ಅವನನ್ನು ನಡುವೆ ಹಾಕಿಕೊಂಡು ಬಸ್ ಸ್ಟಾಪಿನ ಎದುರಿನ ಹಣ್ಣಿನಂಗಡಿಗೆ ಹೊರಟರು.

"ಸಾರ್ ಕೇಳಿ ಕೇಳಿ ತಗೊಂಡೋಗಿದ್ದು" ಅಂದಳು ಹಣ್ಣಿನಾಕೆ. "ಬೇಯಿಸೋಕೆ ಇದಕ್ಕಿಂತ ಒಳ್ಳೆ ಸೇಬಿಲ್ಲ."

"ಕೊಳೆತಿದ್ದನ್ನ ಬೇಯಿಸಿ ತಿನ್ನು ಅಂತೀಯಾ? ಪಾಪದವರು ಸಿಕ್ಕಿದರೆ ಸಾಕು ನಿಮಗೆ" ಅಂತ ಮೇಷ್ಟ್ರು ತರಗತಿಯ ದನಿ ತೆಗೆದರು. ಬಾಳೆಹಣ್ಣು ಕೊಳ್ಳಲು ನಿಂತಿದ್ದವನೊಬ್ಬ, ಏನೂ ಗೊತ್ತಿಲ್ಲದಿದ್ದರೂ, "ಅನ್ಯಾಯ, ಅನ್ಯಾಯ" ಅಂತ ಸೇರಿಕೊಂಡ.

ಹಣ್ಣಿನಾಕೆಯ ಕಣ್ಣು ಕೆಂಪಾಯಿತು. ಅವಳು ಇವನ ಕಡೆ ತಿರುಗಿದಳು. "ನೀವೇ ಹೇಳಿ ಸಾರ್. ನಾನು ಮೋಸ ಮಾಡಿದೆನಾ?"

ಬಾಯಿ ತೆರೆದ. ಕೆಮ್ಮು ಬಂತು.

"ನೋಡು, ಸಂಕಟಕ್ಕೆ ಮಾತೇ ಹೊರಡ್ತಿಲ್ಲ ಅವರಿಗೆ" ಅಂದಳು ಟೈಲರಮ್ಮ.

ಹಣ್ಣಿನಾಕೆ ಹತ್ತು ತುಕ್ಕು ಸೇಬನ್ನು ಪೆಟ್ಟಿಗೆಗೆ ಸುರಿದುಕೊಂಡು, ಹತ್ತು ಕೆಂಪು ಸೇಬು ಕಟ್ಟಿಕೊಟ್ಟಳು. ಮೇಣ ಉಜ್ಜಿದ ಹಾಗೆ ಹೊಳೆಯುತ್ತಿದ್ದವು. "ಸಾಯಂಕಾಲ ನಿಮ್ಮಕ್ಕ ಬರ್ತಾರಂತಲ್ಲ, ನಾವೂ ಬಂದು ಮಾತಾಡಿಸ್ತೀವಿ" ಅಂತ ಹೇಳಿ ಮೇಷ್ಟ್ರೂ ಟೈಲರಮ್ಮನೂ ಗೆದ್ದವರ ಹಾಗೆ ಮನೆಗೆ ಹೋದರು.

ಅವನು ತನ್ನ ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಗಿರಾಕಿಗಳು ಮುಖ ನೋಡಿಕೊಳ್ಳುವ ನಾಲ್ಕು ಕನ್ನಡಿಯ ಮುಂದೆಯೂ ನಿಂತು, "ತಪ್ಪು ನನ್ನದಮ್ಮ, ಆ ಸೇಬೇ ನನಗೆ ಬೇಕು" ಅಂತ ಹೇಳಿ ರೂಢಿ ಮಾಡಿಕೊಂಡ. ಮಧ್ಯಾಹ್ನ ಮೂರೂವರೆಗೆ ಹಣ್ಣಿನಾಕೆಯ ಮುಂದೆ ನಿಂತು ಒಂದೂ ಕೆಮ್ಮಿಲ್ಲದೆ ಹೇಳಿದ.

ಪೆಟ್ಟಿಗೆ ಬೋರಲು ಬಿದ್ದಿತ್ತು. "ಒಬ್ಬರು ಬಂದರು, ಮೂಸಿ ನೋಡಿದರು, ಹತ್ತೂ ತಗೊಂಡೋದರು" ಅಂದಳು ಅವಳು. "ಅವರಿಗೆ ಕಣ್ಣಿದೆ."

ಕನ್ನಡಕ ಮಾರುವವನು ತಲೆ ತಗ್ಗಿಸಿ ಮನೆಗೆ ಬಂದ. ಕೆಂಪು ಸೇಬುಗಳನ್ನು ಮಂಚದ ಕೆಳಗೆ ತಳ್ಳಿದ.

ಐದಕ್ಕೆ ಸರಿಯಾಗಿ ಅಕ್ಕ ಬಂದಳು. ಚಪ್ಪಲಿ ಬಿಟ್ಟವಳೇ ಬಟ್ಟೆ ಚೀಲವನ್ನು ಮೇಜಿನ ಮೇಲೆ ಬಗ್ಗಿಸಿದಳು. ಹತ್ತು ತುಕ್ಕು ಸೇಬು ಉರುಳಿದವು.

"ನೋಡೋ. ಅಮ್ಮನ ಸೇಬು. ಮೂರಕ್ಕೇ ಬಸ್ ಇಳಿದು ಪೇಟೆ ಕೆಲಸಕ್ಕೆ ಹೊರಟರೆ ಎದುರಿಗೇ ಇಟ್ಟಿದ್ದಾಳೆ. ಯಾವನೋ ಪೆದ್ದ ಕೊಳೆತಿದೆ ಅಂತ ಬೆಳಿಗ್ಗೆ ವಾಪಸ್ ಕೊಟ್ಟು ಹೋದನಂತೆ. ಎಂಥವನಿರಬೇಕು ಅವನು?"

ಅವನು ನೀರಿನ ಲೋಟ ಅವಳ ಕೈಗೆ ಕೊಟ್ಟ. ಬೆಳಿಗ್ಗೆಯಿಂದ ಕೆಮ್ಮಾಗುತ್ತಿದ್ದ ಸಿಟ್ಟು ಆ ಹೊತ್ತಿಗೆ ಸಲೀಸಾಗಿ ಗಂಟಲು ದಾಟಿ ಬಂತು. "ಬೆನ್ನುಮೂಳೆ ಇಲ್ಲದವನು ಅಕ್ಕ. ಅಂಥವನ ಮನೇಲಿ ಒಂದು ಲೋಟ ನೀರೂ ಕುಡೀಬಾರದು."

ಅಕ್ಕ ನಕ್ಕಳು. ನಾಲ್ಕು ವರ್ಷದ ಮೇಲೆ ಕಂಡ ನಗು. "ನಿಜವಾಗ್ಲೂ ಬದಲಾಗಿದೀಯ ಕಣೋ. ಓವನ್ ಹಾಕು ಹೋಗು, ನಾನು ಬೀಜ ತೆಗೀತೀನಿ."

ಅವನು ಓವನ್ ಹಾಕಿ ಬಂದ. ಅಕ್ಕ ಲೋಟವನ್ನು ತುಟಿಯ ಹತ್ತಿರ ತಂದಳು. ಆಗ ಬಾಗಿಲು ತೆರೆಯಿತು.

"ನಿಮ್ಮ ತಮ್ಮ ತುಂಬ ಸಾಧು ಕಣಮ್ಮ" ಅನ್ನುತ್ತಲೇ ಮೇಷ್ಟ್ರು ಒಳಗೆ ಕಾಲಿಟ್ಟವರು ಮೇಜು ನೋಡಿ ನಿಂತುಬಿಟ್ಟರು. "ಏನ್ರೀ ಇದು, ಮತ್ತೆ ಅದೇ ಸೇಬು? ಬೆಳಿಗ್ಗೆ ತಾನೇ ನಿಮ್ಮನ್ನ ಕರ್ಕೊಂಡೋಗಿ ವಾಪಸ್ ಕೊಡಿಸಿದೆವಲ್ಲ. ಮತ್ತೆ ತಲೆಗೆ ಕಟ್ಟಿದಳಾ ಅವಳು?"

ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ಕೆಮ್ಮಿದ.

ಅವಳು ಲೋಟವನ್ನು ಒಂದು ಹನಿಯೂ ಕಡಿಮೆಯಾಗದ ಹಾಗೆ ಮೇಜಿನ ಮೇಲಿಟ್ಟಳು. ಸೇಬುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬಿ, ಚಪ್ಪಲಿ ಮೆಟ್ಟಿ ಇಳಿದು ಹೋದಳು. ಒಳಗೆ ಓವನ್ ಸುಮ್ಮನೆ ಕಾಯುತ್ತಿತ್ತು.

ಮೇಷ್ಟ್ರ ಹಿಂದೆಯೇ ಬಂದಿದ್ದ ಟೈಲರಮ್ಮ ಕಿಟಕಿಯಿಂದ ಬಗ್ಗಿ ನೋಡಿದಳು. "ಎಷ್ಟು ಒಳ್ಳೆಯವರು ನೋಡಿ ನಿಮ್ಮಕ್ಕ" ಅಂದಳು. "ವಾಪಸ್ ಕೊಡೋಕೆ ತಾವೇ ಹೊರಟರು."