ಮಾವನ ಬದುವಿಗೆ ಓಲಗ

ನಾನು ವಿಡಿಯೊ ಕಲಾವಿದ. ಹಾಗೆಂದ ತಕ್ಷಣ ಜನ ಕೇಳುವುದು, "ಮದುವೆಗಾ, ಗೃಹಪ್ರವೇಶಕ್ಕಾ?" ಎಂದು. ಹೊಟ್ಟೆಪಾಡಿಗೆ ಎರಡನ್ನೂ ಮಾಡುತ್ತೇನೆ, ಸುಳ್ಳೇಕೆ? ಹೊಸೂರಿನ ಸುತ್ತಮುತ್ತ ನಾನು ಹಿಡಿಯದ ಮಾಂಗಲ್ಯಧಾರಣೆ ಕಡಿಮೆ. ಆದರೆ ಕಲೆ ಎನ್ನುವುದು ಬೇರೆಯೇ ಇದೆ, ಅದು ನನ್ನಲ್ಲಿ ಧಾರಾಳವಾಗಿಯೇ ಇದೆ. ಈ ವಿಷಯದಲ್ಲಿ ನನಗೆ ಎಂದೂ ಅನುಮಾನ ಬಂದಿಲ್ಲ. ನನ್ನ ಪಾಲಿನ ಅನುಮಾನವನ್ನೂ ಸೇರಿಸಿ ಹೆಂಡತಿ ಪದ್ಮಳೇ ಪಡುತ್ತಾಳೆ!

ನನಗೆ ಬೇಕಾಗಿದ್ದುದು ಒಂದು ಗ್ಯಾಲರಿ. ಸೂಳಗಿರಿ ಹತ್ತಿರದ ಹಳ್ಳಿಯಲ್ಲಿ ನನ್ನ ಮಾವ ಚಿನ್ನಪ್ಪನವರ ರೇಷ್ಮೆಹುಳು ಮನೆ ಖಾಲಿ ಬಿದ್ದಿತ್ತು. ಉದ್ದನೆಯ ಕಟ್ಟಡ, ಸುಣ್ಣ ಬಳಿದ ಗೋಡೆ, ಹಗಲಲ್ಲೂ ತಂಪು ಕತ್ತಲೆ. ಹೋಗಿ ಕೇಳಿದೆ.

"ಒಂದಿನ ನಿಮ್ ಸೋ ನಡೆಸಿ ಅಳಿಯಂದ್ರೆ. ನಮ್ ಊರ್ ಮುಂದೆ ನನ್ ಮರ್ವಾದೆ ಉಳೀತು ಅಂದ್ರೆ ಮನೇನ ನಿಮ್ಗೇ ಬಿಟ್ಕೊಡ್ತೀನಿ. ಇಲ್ದಿದ್ರೆ ಮತ್ತೆ ಹುಳ ಸಾಕ್ತೀನಿ" ಎಂದರು ಮಾವ.

ನಮ್ಮ ಕಡೆ ಅಳಿಯನೆಂದರೆ ಬಹುವಚನ. ಮದುವೆಯಾದಂದಿನಿಂದ ಮಾವ ನನ್ನನ್ನು ಒಂದು ಸಲವೂ 'ನೀನು' ಅಂದವರಲ್ಲ. ಅಂಥ ಮಾವನ ಮರ್ಯಾದೆ ಉಳಿಸುವುದೇನು, ಊರಾಚೆಗೂ ಹಬ್ಬಿಸುತ್ತೇನೆ ಎಂದುಕೊಂಡೆ.

ಪ್ರದರ್ಶನದ ವಿಷಯ, ಭೂದೃಶ್ಯ ಮತ್ತು ಸಂಗೀತ. ಊರ ಹಿಂದಿನ ಬಂಡೆಯ ಮೇಲೆ ನಿಂತು ಕೆಳಗಿನ ಹೊಲಗಳನ್ನು ಹೋದ ವರ್ಷ ಒಮ್ಮೆ ಹಿಡಿದಿದ್ದೆ, ಈ ವರ್ಷ ಅದೇ ಜಾಗದಿಂದ ಮತ್ತೊಮ್ಮೆ. ಎಡ ಪರದೆಯಲ್ಲಿ ಹೋದ ವರ್ಷ, ಬಲ ಪರದೆಯಲ್ಲಿ ಈ ವರ್ಷ. ಇನ್ನು ಸಂಗೀತ. ಇಲ್ಲಿದೆ ನೋಡಿ ನನ್ನ ಪ್ರತಿಭೆ! ಓಲಗದ ರಾಜಣ್ಣನನ್ನು ಪರದೆಯ ಮುಂದೆ ಕೂರಿಸಿ, "ಈ ಕೆಂಪು ಚುಕ್ಕೆ ನೆಲದ ಗೆರೆಯ ಮೇಲೆ ಓಡುತ್ತೆ. ಗೆರೆ ಏರಿದರೆ ನಾದಸ್ವರ ಏರಬೇಕು, ಇಳಿದರೆ ಇಳಿಯಬೇಕು" ಎಂದೆ. ಬೆಟ್ಟ ಬಂದಾಗ ರಾಜಣ್ಣನ ಕೆನ್ನೆ ಉಬ್ಬಿತು. ಮಾವನ ರಾಗಿ ಹೊಲದ ಬದು ಬಂದಾಗ ಒಂದೇ ಸ್ವರ, ಉದ್ದಕ್ಕೆ. ಈ ವರ್ಷದ ಚಿತ್ರದಲ್ಲಿ ಮಾತ್ರ ಬದು ನಡುವೆ ಕೆಳಕ್ಕೆ ಬಾಗಿತ್ತು.

"ಇದೇನ್ ಸಾಮಿ, ಸೊಟ್ಟ?" ಎಂದ ರಾಜಣ್ಣ.

"ಸೊಟ್ಟ ಅಲ್ಲ ರಾಜಣ್ಣ, ಪ್ರಕೃತಿಯ ಲಾಸ್ಯ! ಬಾಗಿಸು."

ಬಾಗಿಸಿದ. ಕೇಳಿ ನನಗೇ ಕಣ್ಣು ತುಂಬಿ ಬಂತು.

ಪದ್ಮ ಮಾತ್ರ, "ಅಪ್ಪನ್ ಹೊಲ ಯಾಕ್ರೀ? ಬೆಟ್ಟ ತೋರ್ಸಿ, ಸಾಕು" ಎಂದಳು. "ಮಾವನಿಗೆ ಇದು ನನ್ನ ಗೌರವ ಸಮರ್ಪಣೆ. ನಿನಗೆ ಕಲೆ ತಿಳಿಯದು" ಎಂದೆ. ಅವಳು ಇನ್ನೂ ಏನೋ ಹೇಳಲು ಬಾಯಿ ತೆರೆದಳು. ನಾನು ಪ್ರೊಜೆಕ್ಟರಿನ ವೈರು ಎಳೆಯಲು ಹೋದೆ.

ಭಾನುವಾರ ಮಧ್ಯಾಹ್ನ ಊರಿಗೆ ಊರೇ ಬಂತು. ಗರಿಗರಿ ಪಂಚೆಯುಟ್ಟ ಮಾವ ಮುಂದಿನ ಕುರ್ಚಿಯಲ್ಲಿ. ಪಕ್ಕದ ಕುರ್ಚಿಯಲ್ಲಿ ಪಕ್ಕದ ಹೊಲದ ಯಂಕಟಪ್ಪ. ಎರಡೂ ಪರದೆ ಬೆಳಗಿದವು, ನಾದಸ್ವರ ಮೊಳಗಿತು. "ಅಲ್ನೋಡ್ಲಾ ನಮ್ ಹುಣಿಸೆಮರ!" "ಅದು ನಮ್ದೇ ಎಮ್ಮೆ ಕಣ್ಲಾ!" ಎಂದು ಜನ ಪುಳಕಗೊಂಡರು. ಮಾವ ಮೀಸೆ ತಿರುವಿದರು. ಕೆಂಪು ಚುಕ್ಕೆ ಮೊದಲು ಎಡ ಪರದೆಯಲ್ಲಿ, ಆಮೇಲೆ ಬಲ ಪರದೆಯಲ್ಲಿ ಬೆಟ್ಟ ಇಳಿದು ಬದುವಿಗೆ ಬಂತು.

ಯಂಕಟಪ್ಪ ಕತ್ತು ಮುಂದಕ್ಕೆ ಚಾಚಿದ. "ಅಳಿಯಂದ್ರೆ, ಎಡ್ಗಡೆ ಓಲಗ ನೆಟ್ಗೆ ಓಯ್ತು. ಬಲ್ಗಡೆ ಯಾಕೆ ಬಾಗ್ತು?"

ಇಂಥ ಪ್ರಶ್ನೆಗಾಗಿ ಕಲಾವಿದ ಜನ್ಮವಿಡೀ ಕಾಯುತ್ತಾನೆ! ಚಿತ್ರ ನಿಲ್ಲಿಸಿದೆ. ಒಂದು ಕೋಲು ಹಿಡಿದು ಪರದೆಯ ಮುಂದೆ ನಿಂತೆ. "ಉತ್ತಮ ಪ್ರಶ್ನೆ! ನೋಡಿ, ಹೋದ ವರ್ಷ ಬದು ನೆಟ್ಟಗಿತ್ತು. ಈ ವರ್ಷ ಇಲ್ಲಿಂದ ಇಲ್ಲಿಯವರೆಗೆ ನಿಮ್ಮ ಹೊಲದೊಳಕ್ಕೆ ಬಾಗಿದೆ. ಆದ್ದರಿಂದ ಸ್ವರವೂ ಬಾಗಿತು!"

ಚಪ್ಪಾಳೆಗಾಗಿ ಕಾದೆ. ಬರಲಿಲ್ಲ. ಯಂಕಟಪ್ಪ ಎದ್ದು ನಿಂತ.

"ಕೇಳುದ್ರೇನ್ರಪ್ಪೋ! ಬದು ಒತ್ತವ್ನೆ, ಬದು ಒತ್ತವ್ನೆ ಅಂತ ನಾನ್ ಬಾಯ್ ಬಡ್ಕೊಂಡ್ರೆ, ನಮ್ ತಾತನ್ ಕಾಲ್ದಿಂದ ಅಂಗೇ ಐತೆ ಅಂತಿದ್ನಲ್ಲ ಈ ಚಿನ್ನಪ್ಪ! ಈಗ ಅವ್ನ್ ಅಳಿಯನೇ ಏಳ್ತಾವ್ನೆ!"

ಮಾವನ ಮೀಸೆ ಇಳಿಯಿತು. ಆದರೂ ಅವರು ಬುದ್ಧಿವಂತರು. ನನ್ನ ಕಡೆ ತಿರುಗಿ ಒಂದಲ್ಲ, ಎರಡೂ ಕಣ್ಣು ಮಿಟುಕಿಸಿ, "ಕ್ಯಾಮರಾ ಸೊಟ್ಟ ಇಕ್ಕಿರ್ಬೇಕು. ಅಲ್ವಾ ಅಳಿಯಂದ್ರೆ?" ಎಂದರು. ಹಿಂದಿನಿಂದ ಪದ್ಮ ಕ್ಷಯ ಬಂದವಳಂತೆ ಕೆಮ್ಮಿದಳು. ಹೌದು ಎಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಕ್ಯಾಮರಾಕ್ಕೆ ಸೊಟ್ಟ ಎನ್ನುವುದೆ!

"ಇಲ್ಲ ಮಾವ! ಕ್ಯಾಮರಾ ಒಂದು ಕೂದಲೆಳೆಯಷ್ಟೂ ಅಲುಗಿಲ್ಲ. ಬೇಕಾದರೆ ರುಜುವಾತು ಮಾಡುತ್ತೇನೆ" ಎಂದವನೇ ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ತೋರಿಸಿದೆ. ಬಂಡೆ ಬಂಡೆಯ ಮೇಲೆ ಕೂತಿತು, ಹುಣಿಸೆಮರ ಹುಣಿಸೆಮರದ ಮೇಲೆ ಕೂತಿತು. ಎರಡು ಬದುಗಳ ನಡುವೆ ಮಾತ್ರ ಬಿದಿಗೆಯ ಚಂದ್ರನ ಹಾಗೆ ಒಂದು ತುಂಡು ಭೂಮಿ ಉಳಿಯಿತು. ಇಡೀ ಊರು "ಆಹಾ!" ಎಂದಿತು. ಅದು ನನ್ನ ಕಲಾಜೀವನದ ಮೊದಲ ಆಹಾ.

"ನಾನ್ ಆವತ್ತೇ ಸೊಟ್ಟ ಅಂದೆ" ಎಂದ ರಾಜಣ್ಣ, ಯಾರೂ ಕೇಳದೆಯೇ.

"ನಿಲ್ಸ್ಲಾ ಅದ್ನ!" ಎಂದು ಮಾವ ಗುಡುಗಿದರು.

'ಲಾ'! ಬಹುವಚನದಿಂದ ನೇರವಾಗಿ 'ಲಾ'ಗೆ! ನಡುವೆ ಒಂದು ಮೆಟ್ಟಿಲೂ ಇಲ್ಲ! ಆಮೇಲೆ ನಡೆದ ಗಲಾಟೆಯಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಗುಳ ಹಾರಾಡಿದವು. ಮೂರೂ ನನಗೆ ಚೆನ್ನಾಗಿ ಅರ್ಥವಾಗುತ್ತವೆ ಎನ್ನುವುದೇ ಕಷ್ಟ.

ಮರುದಿನ ಹಿರಿಯರು ಹಗ್ಗ ಹಿಡಿದು ಬದುವನ್ನು ಮೊದಲಿದ್ದಲ್ಲಿಗೇ ತಂದರು. ಗುದ್ದಲಿ ಹಿಡಿದು ಮಣ್ಣು ಎಳೆದವನು ನಾನೇ. ಸಂಜೆ ಮಾವ ಹುಳು ಮನೆಯಲ್ಲಿ ಪ್ರೊಜೆಕ್ಟರ್ ಇದ್ದ ಕಡೆ ಹುಳು ಸಾಕುವ ತಟ್ಟೆಗಳನ್ನು ಜೋಡಿಸುತ್ತಾ, ನನ್ನತ್ತ ನೋಡದೆಯೇ ಅಂದರು: "ಹುಳ ತಿಂದಿದ್ಕೆ ಗೂಡಾದ್ರೂ ಕಟ್ತದೆ. ನೀನು ತಿಂದು ಮನೆ ಮುರ್ದೆ." ಗ್ಯಾಲರಿ ಹೋದದ್ದಕ್ಕಿಂತ ಆ 'ನೀನು' ನನ್ನನ್ನು ಹೆಚ್ಚು ನೋಯಿಸಿತು. ನಿಜಕ್ಕೂ ಅಳು ಬಂತು.

ಆದರೆ ಕಲಾವಿದನಿಗೆ ಒಬ್ಬ ಅಭಿಮಾನಿ ಸಾಕು. ಎರಡು ದಿನ ಬಿಟ್ಟು ಯಂಕಟಪ್ಪನೇ ಹುಡುಕಿಕೊಂಡು ಬಂದ. "ನಿಮ್ ವಿಡಿಯೊ ಬಲೇ ಚೆಂದಾಗಿತ್ತು. ನನ್ ಪಡುವಲ ಬದೂನೂ ಒಂದ್ಕಿತ ಹಿಡ್ಕೊಡಿ. ಅಲ್ಲೂ ಯಾರೋ ಒತ್ತವ್ರೆ" ಎಂದ. ನನ್ನ ಎದೆ ಉಬ್ಬಿತು. "ಸಂಗೀತ ಯಾವ ರಾಗದಲ್ಲಿರಲಿ?" ಎಂದೆ.

"ಓಲಗ ಬ್ಯಾಡ. ಬದು ಕಂಡ್ರೆ ಸಾಕು."

ಇರಲಿ, ಮೌನವೂ ಸಂಗೀತವೇ! ಟ್ರೈಪಾಡ್ ಹೆಗಲಿಗೇರಿಸಿ ಯಂಕಟಪ್ಪನ ಜೊತೆಗೇ ಹೊರಟೆ. ಪದ್ಮ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ?"

"ಯಂಕಟಪ್ಪನ ಪಡುವಲ ಬದುವಿಗೆ."

"ಅದ್ರಾಚೆ ಹೊಲ ಯಾರ್ದು ಗೊತ್ತಾ? ನಮ್ ಚಿಕ್ಕಪ್ಪಂದು!"

ಅತ್ತೆಮನೆ ಕಡೆ ನನ್ನನ್ನು ಇನ್ನೂ 'ಬನ್ನಿ' ಎಂದು ಕರೆದು ಊಟಕ್ಕೆ ಎಲೆ ಹಾಕುವುದು ಆ ಒಂದು ಮನೆಯಲ್ಲಿ ಮಾತ್ರ. ಟ್ರೈಪಾಡ್ ಕೆಳಗಿಳಿಸಿ, ಯಂಕಟಪ್ಪನ ಎದುರಿಗೇ, ಕ್ಯಾಮರಾ ಕೆಟ್ಟಿದೆ ಎಂದೆ.