ಮೂಗುಬೊಟ್ಟು ಮತ್ತು ಮಿದುಳಿನ ಸ್ಕ್ಯಾನು

ಗಂಡ ತಾನಾಗಿಯೇ ಕಾಫಿ ಲೋಟ ತೊಳೆದಿಟ್ಟರೆ ಹೆಂಡತಿಯಾದವಳು ಖುಷಿಪಡಬಾರದು, ಹೆದರಬೇಕು ಎಂಬುದು ನನ್ನ ಅನುಭವ. ಆ ದಿನ ಬೆಳಿಗ್ಗೆ ಇಬ್ಬರೂ ಕಾಫಿ ಕುಡಿದಾದ ಮೇಲೆ ನಾನು ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು ಒಳಗೆ ಬಂದರೆ, ಎರಡೂ ಲೋಟ ತೊಳೆಸಿಕೊಂಡು ಬೋರಲು ಕೂತಿದ್ದವು. ಇವರು ತಿ. ನರಸೀಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುವವರು. ಮನೆಯಲ್ಲಿ ತಮ್ಮ ಕನ್ನಡಕವನ್ನೂ ತಾವೇ ಹುಡುಕಿಕೊಂಡವರಲ್ಲ. ನಾನು ಹೆದರಿದೆ.

ಕಾರಣ ಹಿಂದಿನ ವಾರದ್ದು. ನನಗೆ ಒಂದು ತಿಂಗಳಿಂದ ತಲೆನೋವು, ಬೆಳಗಾದರೆ ವಾಂತಿ. ನಂಜನಗೂಡಿನ ನಮ್ಮ ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ಕಣ್ಣು ಮುಚ್ಚಿಸಿ ನಡೆಸಿದರು, ಆಮೇಲೆ ಇವರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಮಿದುಳಿನಲ್ಲಿ ಗೆಡ್ಡೆ ಇದ್ದರೂ ಇರಬಹುದು, ಮೈಸೂರಿನಲ್ಲಿ ಸ್ಕ್ಯಾನ್ ಮಾಡಿಸಿಬಿಡಿ, ನಿಮ್ಮ ಮನೆಯವರಿಗೆ ಮಾತ್ರ ಈಗಲೇ ತಿಳಿಯುವುದು ಬೇಡ ಎಂದರು. ಕಾನ್ವೆಂಟಿನ ಸಿಸ್ಟರುಗಳ ಕೈಲಿ ಹತ್ತು ವರ್ಷ ಬೆರಳ ಗೆಣ್ಣಿಗೆ ಪೆಟ್ಟು ತಿಂದು ಇಂಗ್ಲಿಷ್ ಕಲಿತವಳು ನಾನು. ಡಾಕ್ಟರು ಒಂದು ಕ್ರಿಯಾಪದ ತಪ್ಪಿದ್ದೂ ಗೊತ್ತಾಯಿತು. ಆದರೂ ಗೋಡೆಯ ಕ್ಯಾಲೆಂಡರು ನೋಡುತ್ತ ಕೂತೆ. ಹೊರಗೆ ಬಂದ ಮೇಲೆ ಇವರು, ಕಣ್ಣಿನ ನರ ಸ್ವಲ್ಪ ವೀಕಂತೆ ಎಂದರು. ಹೌದಾ ಎಂದೆ. ಹೀಗೆ ಒಂದು ವಾರ ಒಬ್ಬರಿಗೊಬ್ಬರು ಕಾಣದಂತೆ ಇಬ್ಬರೂ ಒಂದೇ ಗೆಡ್ಡೆಯನ್ನು ಸಾಕಿದೆವು.

ಲೋಟ ತೊಳೆದ ದಿನವೇ ಮೈಸೂರಿಗೆ ಹೋದೆವು. ಸ್ಕ್ಯಾನಿಂಗ್ ಸೆಂಟರಿನಲ್ಲಿ ಕುತ್ತಿಗೆಯಿಂದ ಮೇಲೆ ಲೋಹದ ಚೂರೂ ಇರಬಾರದು ಎಂದರು. ತಾಳಿ ಸರ ಬಿಚ್ಚಲು ಹಿಂದೆಮುಂದೆ ನೋಡಿದ್ದಕ್ಕೆ ನರ್ಸಮ್ಮ ಡ್ರಾಯರು ಎಳೆದು ಅರಿಶಿನದ ದಾರ ಕತ್ತರಿಸಿ ಕೊಟ್ಟಳು. ಅದರದ್ದೇ ಒಂದು ಉಂಡೆ ಇಟ್ಟುಕೊಂಡಿದ್ದಳು. ಸರ, ಸರದಲ್ಲಿದ್ದ ಐದು ಪಿನ್ನು, ಓಲೆ, ಕ್ಲಿಪ್ಪು ಎಲ್ಲ ಇವರ ಜೇಬು ಸೇರಿದವು. ಮೂಗುಬೊಟ್ಟು ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಮದುವೆಯಲ್ಲಿ ತಿರುಪು ಹಾಕಿಸಿಕೊಂಡದ್ದು, ಹದಿನೆಂಟು ವರ್ಷದಿಂದ ಬಿಚ್ಚಿಲ್ಲ. ಸೋಪು ಹಚ್ಚಿ ನೋಡಿದ ನರ್ಸಮ್ಮ ಕೈಚೆಲ್ಲಿ, ಹಿಂದಿನ ಗಲ್ಲಿಯ ಅಕ್ಕಸಾಲಿಯ ಹತ್ತಿರ ಹೋಗಿಬನ್ನಿ ಎಂದಳು.

ಅಕ್ಕಸಾಲಿಗೆ ವಿವರಿಸಬೇಕಾಗಿಯೇ ಇರಲಿಲ್ಲ.

"ಸ್ಕ್ಯಾನಿಂಗಿಗಾ? ಕೂತ್ಕಳವ್ವ. ಈ ತಿಂಗ್ಳಲ್ಲಿ ನಿಮ್ದು ಐದ್ನೇ ಮೂಗು" ಎಂದು ಕೊಬ್ಬರಿ ಎಣ್ಣೆ ಬಿಟ್ಟು ಇಕ್ಕಳ ಹಾಕಿದ. ನನ್ನ ಕಣ್ಣಿಂದ ನೀರು ದಳದಳ ಸುರಿಯಿತು. ಇವರು ಅದನ್ನು ಸಾವಿನ ಭಯವೆಂದೇ ತಿಳಿದು, ಬೀದಿಯವರೆಲ್ಲ ನೋಡುವಂತೆ ನನ್ನ ಭುಜದ ಮೇಲೆ ಕೈಯಿಟ್ಟು, "ಗೆಡ್ಡೆ ಗಿಡ್ಡೆ ಏನೂ ಇರಲ್ಲ ಕಣೇ, ನೀನು ಹೆದರ್ಕೋಬೇಡ" ಎಂದುಬಿಟ್ಟರು. ವಾರದ ಗುಟ್ಟು ಅಕ್ಕಸಾಲಿಯ ಅಂಗಡಿಯಲ್ಲಿ ಒಡೆಯಿತು. ಅಳು ಇಕ್ಕಳದ್ದು ಎಂದು ಹೇಳಬಹುದಿತ್ತು. ಹೇಳಲಿಲ್ಲ. ಆ ಕೈ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಲಿ ಅನ್ನಿಸಿತು.

ಮೂಗುಬೊಟ್ಟು ಕಳಚಿಸಿಕೊಂಡು ಸೆಂಟರಿಗೆ ವಾಪಸು ಬಂದ ಮೇಲೆ, ಅಲುಗಾಡದೆ ಮಲಗಿ ಎಂದು ನನ್ನ ತಲೆಯನ್ನು ಯಂತ್ರದ ಬಳೆಯೊಳಗೆ ತಳ್ಳಿದರು. ಅಲ್ಲಿ ದೇವರ ಧ್ಯಾನ ಮಾಡಬೇಕಾದವಳು, ನಾನಿಲ್ಲದಿದ್ದರೆ ಇವರಿಗೆ ಉಪ್ಪಿನ ಡಬ್ಬ ಯಾವುದು, ಸೋಡಾಪುಡಿಯ ಡಬ್ಬ ಯಾವುದು ಎಂದು ಯಾರು ಹೇಳುತ್ತಾರೆ ಎಂಬ ಚಿಂತೆಯಲ್ಲೇ ಮುಗಿಸಿದೆ. ಎರಡು ಗಂಟೆ ಕಾಯಿಸಿದ ಮೇಲೆ ಅಲ್ಲಿನ ಡಾಕ್ಟರು ಕರೆದರು. ಗೆಡ್ಡೆ ಇಲ್ಲ, ಇದು ಬರೀ ಅರೆತಲೆನೋವು, ಹೊತ್ತಿಗೆ ಸರಿಯಾಗಿ ಊಟ ಮಾಡಿ ಎಂದರು. ಇವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ತಾವೇ ಕೂತು ಪೇಪರು ಬಿಡಿಸಿದಾಗ, ನಾನು ನಿಜಕ್ಕೂ ಬದುಕಿದೆ ಎಂದು ಖಾತ್ರಿಯಾಯಿತು.

ಸಂಜೆ ಎದುರುಮನೆಯ ನಂಜಮ್ಮ ಬಂದರು. ಕವಲಂದೆ ಕಡೆಯವರು, ಸೊಪ್ಪು ಸೋಸುತ್ತಲೇ ಇಡೀ ಬೀದಿಯ ಕಷ್ಟಸುಖ ವಿಚಾರಿಸುವವರು. ನನಗೋ, ಸಾವಿನ ಬಾಯಿಂದ ಬಂದ ಗತ್ತು. ದೊಡ್ಡ ಕವರಿನಿಂದ ಫಿಲ್ಮು ತೆಗೆದು, ಇದೇ ನೋಡಿ ನನ್ನ ಮಿದುಳು, ಹೋಳು ಹೋಳಾಗಿ ಇಪ್ಪತ್ತು ಚಿತ್ರ, ಎಲ್ಲೂ ಒಂದು ಚುಕ್ಕೆಯಿಲ್ಲ ಎಂದೆ. ಅವರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು, ಮದುವೆಯ ಆಲ್ಬಮ್ ನೋಡುವ ಹಾಗೆ ಸಾಲು ಸಾಲಾಗಿ ನೋಡಿದರು. ನಾನು ಹೊಗಳಿಕೆಗೆ ಕಾದೆ.

"ಇಷ್ಟೊಂದು ಪಟ ತೆಗ್ದವ್ರೆ," ಎಂದರು ಫಿಲ್ಮು ವಾಪಸು ಕೊಡುತ್ತ, "ಒಂದ್ರಲ್ಲಾದ್ರೂ ನೀವು ನಗ್ಬಾರ್ದಾಗಿತ್ತಾ ಅಕ್ಕ?"